ಕಠಿಣ ಭಾಗಗಳ ಓದು: ಮನೆವಾರ್ತೆಯವನ ಸಾಮ್ಯ

ನಮ್ಮ ವಾಚನಾಲಯದ ಬೈಬಲ್ ಪ್ರತಿಯನ್ನು ತೆರೆದು ನೋಡಿರಿ. ಬೆಟ್ಟದ ಮೇಲಿನ ಪ್ರಸಂಗದ ಹಾಳೆಗಳು ಬೆರಳು ತಾಗಿ ಮಾಸಿವೆ; ಯಾಜಕಕಾಂಡದ ಹಾಳೆಗಳು ಹೊಸದರಂತೆಯೇ ಇವೆ. ಸುಲಭವಾದುದನ್ನು ಮತ್ತೆ ಮತ್ತೆ ಓದುತ್ತೇವೆ, ಕಠಿಣವಾದುದನ್ನು ದಾಟಿಹೋಗುತ್ತೇವೆ. ಯಾವ ಮತದ ಓದುಗರಿಗಾದರೂ ಇದರಿಂದ ನಷ್ಟವೇ.

ಈ ಗ್ರಂಥಕ್ಕೂ ವಿಶಾಖಪಟ್ಟಣಕ್ಕೂ ಹಳೆಯ ನಂಟುಂಟು. 1805ರಲ್ಲಿ ಲಂಡನ್ ಮಿಷನ್ನಿನ ಕ್ರಾನ್ ಮತ್ತು ಡೆಸ್ ಗ್ರಾಂಜಸ್ ಇಲ್ಲಿಗೆ ಬಂದರು. ಆನಂದರಾಯರ ನೆರವಿನಿಂದ ತೆಲುಗು ಅನುವಾದ ನಡೆದು, ಲೂಕನದೂ ಸೇರಿ ಮೂರು ಸುವಾರ್ತೆಗಳು 1812ರಲ್ಲಿ ಸೆರಾಂಪುರದಲ್ಲಿ ಅಚ್ಚಾದವು. ಅಷ್ಟರಲ್ಲಿ ಆ ಇಬ್ಬರು ಮಿಷನರಿಗಳೂ ತೀರಿಕೊಂಡಿದ್ದರು. ಅದೇ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಹೋಗಿ ಕನ್ನಡ ಅನುವಾದಕ್ಕೆ ಕೈಹಾಕಿದರು. ಕಠಿಣ ಸಾಲನ್ನು ಬಿಟ್ಟು ಮುಂದೆ ಹೋಗುವ ಅನುಕೂಲ ಅನುವಾದಕನಿಗಿಲ್ಲ. ಓದುಗನೂ ಆ ಶ್ರಮದಲ್ಲಿ ಒಂದು ಪಾಲನ್ನಾದರೂ ಹೊರಬೇಕು.

ಈಗ ಲೂಕನ 16ನೆಯ ಅಧ್ಯಾಯಕ್ಕೆ ಬರೋಣ. ಧನಿಕನೊಬ್ಬನ ಮನೆವಾರ್ತೆಯವನು, ಎಂದರೆ ಪಾರುಪತ್ಯಗಾರ, ಒಡೆಯನ ಸೊತ್ತನ್ನು ಹಾಳುಮಾಡಿದನೆಂದು ದೂರು ಬರುತ್ತದೆ. ಲೆಕ್ಕ ಒಪ್ಪಿಸೆಂದು ಅಪ್ಪಣೆಯಾಗುತ್ತದೆ. ಅವನಿಗೆ ಅಗೆಯಲು ಶಕ್ತಿಯಿಲ್ಲ, ಬೇಡಲು ನಾಚಿಕೆ. ಸಾಲಗಾರರನ್ನು ಕರೆದು, ನೂರು ಅಳತೆ ಎಣ್ಣೆಯನ್ನು ಐವತ್ತೆಂದೂ ನೂರು ಅಳತೆ ಗೋಧಿಯನ್ನು ಎಂಬತ್ತೆಂದೂ ಪತ್ರದಲ್ಲಿ ಬರೆಸುತ್ತಾನೆ. ಕೆಲಸ ಹೋದ ಮೇಲೆ ಅವರ ಮನೆಗಳಲ್ಲಿ ಆಶ್ರಯ ಸಿಗಲೆಂಬುದು ಅವನ ಎಣಿಕೆ. ಇದನ್ನು ತಿಳಿದ ಒಡೆಯನು ಅವನನ್ನು ಹೊಗಳುತ್ತಾನೆ!

ನಮ್ಮ ಓದುವ ಕೂಟದಲ್ಲಿ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ಗುಮಾಸ್ತರೇ, ಇದು ನಿಮ್ಮ ಕಸುಬಿನ ಕಥೆ. ಇಂಥವನನ್ನು ಹೊಗಳಬಹುದೇ?" ಎಂದರು. ಮುಂದಿನ ಅಧ್ಯಾಯಕ್ಕೆ ಹೋಗೋಣವೆಂದು ನಾನೇ ಸೂಚಿಸಿದೆ. ಅವರು ಒಪ್ಪಲಿಲ್ಲ. ಮೂರು ವಾರ ಅಲ್ಲಿಯೇ ನಿಂತೆವು. ಮೂರು ಉಪಾಯಗಳು ನೆರವಾದವು.

ಮೊದಲನೆಯದು, ಇನ್ನೊಂದು ಭಾಷೆಯ ಪ್ರತಿ. ವಿಜಯವಾಡದಿಂದ ವರ್ಗವಾಗಿ ಬಂದ ಸದಸ್ಯರು ತೆಲುಗು ಪ್ರತಿಯನ್ನು ತಂದರು. ಕನ್ನಡದಲ್ಲಿ 'ಜಾಣತನ' ಎಂದಿರುವಲ್ಲಿ ತೆಲುಗಿನಲ್ಲಿ 'ಯುಕ್ತಿ' ಎಂದಿದೆ. ಎರಡರಲ್ಲಿಯೂ ಅವನು ಅನ್ಯಾಯಗಾರನೇ. ಹೊಗಳಿಕೆ ಸಂದದ್ದು ಅವನ ಮುಂದಾಲೋಚನೆಗೆ, ಮೋಸಕ್ಕಲ್ಲ.

ಎರಡನೆಯದು, ಹಿಂದುಮುಂದಿನ ಓದು. ಹಿಂದಿನ ಅಧ್ಯಾಯದ ದಾರಿತಪ್ಪಿದ ಮಗನೂ ಸೊತ್ತನ್ನು ಹಾಳುಮಾಡಿದವನೇ. ಸಾಮ್ಯ ಮುಗಿದೊಡನೆ, ಅಲ್ಪದರಲ್ಲಿ ನಂಬಿಗಸ್ತನಾಗಿರುವವನೇ ದೊಡ್ಡದರಲ್ಲಿಯೂ ನಂಬಿಗಸ್ತನೆಂಬ ಮಾತು ಬರುತ್ತದೆ. ಆದ್ದರಿಂದ ಕಳ್ಳಲೆಕ್ಕಕ್ಕೆ ಇಲ್ಲಿ ಅನುಮತಿಯಿಲ್ಲ.

ಮೂರನೆಯದು, ನಾವು ಮುಟ್ಟದೆ ಬಿಟ್ಟ ಹಾಳೆಗಳು. ಬಡವನಾದ ಸಹೋದರನಿಂದ ಬಡ್ಡಿ ತೆಗೆದುಕೊಳ್ಳಬಾರದೆಂದು ಯಾಜಕಕಾಂಡದ 25ನೆಯ ಅಧ್ಯಾಯ ವಿಧಿಸುತ್ತದೆ. ಆ ಪತ್ರಗಳಲ್ಲಿ ಬಡ್ಡಿ ಅಡಗಿತ್ತು, ಅವನು ಕಡಿದದ್ದು ಅದನ್ನೇ ಎಂದು ಕೆಲವು ಪಂಡಿತರ ಊಹೆ. ಕಥೆಯಲ್ಲಿ ಆ ಮಾತಿಲ್ಲ. ಆದರೂ ಒಂದು ಕಠಿಣ ಭಾಗವು ಇನ್ನೊಂದಕ್ಕೆ ದೀಪ ಹಿಡಿಯಿತು.

ಇಷ್ಟಾದರೂ ನನ್ನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಒಮ್ಮೆ ಗಿರಣಿಗೆ ತಡವಾಗಿ ಬಂದ ಗೆಳೆಯನಿಗೆ ನಾನು ಮಸ್ಟರಿನಲ್ಲಿ ಪೂರ್ಣ ಹಾಜರಿ ಹಾಕಿದ್ದೆ. ಅದನ್ನು ದಯೆಯೆಂದೇ ಹೇಳಿಕೊಳ್ಳುತ್ತಿದ್ದೆ. ನಿಜವಾಗಿ, ನಾಳೆ ನನಗೂ ಅವನು ಆಗಿಬರಲಿ ಎಂಬ ಆಸೆಯಿತ್ತು. ಮನೆವಾರ್ತೆಯವನ ಲೆಕ್ಕವೂ ಅದೇ. ಆ ಪುಟವನ್ನು ಮಗುಚಿಬಿಡುವ ಅವಸರ ನನಗೇಕೆ ಇತ್ತೆಂಬುದು ಆಗ ತಿಳಿಯಿತು. ಸುಲಭ ಭಾಗಗಳನ್ನು ಓದುವಾಗ ನಾನು ಯಾವಾಗಲೂ ಒಳ್ಳೆಯವರ ಸಾಲಿನಲ್ಲಿಯೇ ನಿಲ್ಲುತ್ತಿದ್ದೆ. ಈ ಭಾಗ ನನ್ನನ್ನು ನನ್ನ ಮೇಜಿನ ಮುಂದೆ ಕೂರಿಸಿತು.

ಮುಂದಿನ ಅಭ್ಯಾಸಕ್ಕೆ: ಮತ್ತಾಯನ 20ನೆಯ ಅಧ್ಯಾಯದಲ್ಲಿ, ದಿನವಿಡೀ ದುಡಿದವನಿಗೂ ಒಂದು ತಾಸು ದುಡಿದವನಿಗೂ ಒಂದೇ ಕೂಲಿ. ಇದು ನ್ಯಾಯವೇ? ಉತ್ತರಿಸುವ ಮೊದಲು, ಆ ಸಾಲಿನಲ್ಲಿ ನೀವು ಎಲ್ಲಿ ನಿಂತಿದ್ದೀರೆಂದು ನೋಡಿಕೊಳ್ಳಿರಿ.