ದೂರವಾಣಿಯ ಲೆಕ್ಕಪತ್ರ

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಒಂದು ಕಿಲೋ ಬೆಲ್ಲವನ್ನು ಕೊಳ್ಳುವಾಗ ತಕ್ಕಡಿಯು ನಮ್ಮ ಕಣ್ಣೆದುರಿಗೇ ಇರುತ್ತದೆ. ಮನೆಗೆ ಬರುವ ವಿದ್ಯುತ್ತಿಗೂ ಗೋಡೆಯ ಮೇಲೊಂದು ಮೀಟರು ಉಂಟು; ಸಂದೇಹ ಬಂದರೆ ನಾವೇ ಹೋಗಿ ಅಂಕೆಗಳನ್ನು ಓದಿಕೊಳ್ಳಬಹುದು. ಆದರೆ ದೂರವಾಣಿಯಲ್ಲಿ ಆಡಿದ ಮಾತನ್ನು ಅಳೆಯುವ ಯಂತ್ರವನ್ನು ನಮ್ಮಲ್ಲಿ ಎಷ್ಟು ಮಂದಿ ಕಂಡಿದ್ದೇವೆ? ಇಲ್ಲಿ ಅಳೆಯುವವನೂ ಮಾರುವವನೇ. ಅಳತೆ ನಡೆಯುವ ಸ್ಥಳವೂ ಅವನದೇ. ಕೊಳ್ಳುವವನ ಕೈಗೆ ಬರುವುದು ಬಿಲ್ಲು ಮಾತ್ರ. ಕಣ್ಣಿಗೆ ಕಾಣದ ಇಂತಹ ಅಳತೆಯನ್ನು ನಂಬುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಂತೆ ಒಂದು ಯಂತ್ರಶಾಸ್ತ್ರವೂ, ಅದರ ಹಿಂದೆಯೇ ಒಂದು ದೊಡ್ಡ ಮಾರುಕಟ್ಟೆಯೂ ಬೆಳೆದುಬಂದುವು. ಅವುಗಳ ಪರಿಚಯವನ್ನು ಇಲ್ಲಿ ಮಾಡಿಕೊಳ್ಳೋಣ.

ಚೀಟಿಯಿಂದ ಗಾಲಿಗೆ

ಮೊದಮೊದಲು ಈ ಲೆಕ್ಕವನ್ನು ಮನುಷ್ಯರೇ ಇಡುತ್ತಿದ್ದರು. ಧಾರವಾಡದಿಂದ ಮುಂಬಯಿಗೆ ಮಾತನಾಡಬೇಕಾದವರು ಟ್ರಂಕ್ ಕಾಲ್ ಕಾದಿರಿಸಿ ಕಾಯಬೇಕಾಗಿತ್ತು. ಎಕ್ಸ್‌ಚೇಂಜಿನ ಆಪರೇಟರರು ಎರಡೂ ಕಡೆಯ ಸಂಖ್ಯೆಗಳನ್ನೂ ಮಾತಿನ ಅವಧಿಯನ್ನೂ ಒಂದು ಚೀಟಿಯಲ್ಲಿ ಬರೆದಿಡುತ್ತಿದ್ದರು. 3 ನಿಮಿಷಗಳಿಗೆ ಒಂದರಂತೆ ದರ. ಆ ಚೀಟಿಯೇ ಸಾಕ್ಷ್ಯಪತ್ರ.

ಊರೊಳಗಿನ ಮಾತಿಗೆ ಬೇರೊಂದು ಉಪಾಯವಿತ್ತು. ಅಮೆರಿಕದ ಆಲ್ಮನ್ ಸ್ಟ್ರೌಜರನು 1891ರಲ್ಲಿ ಪೇಟೆಂಟ್ ಪಡೆದ ಮಾದರಿಯ ಸ್ವಯಂಚಾಲಿತ ಎಕ್ಸ್‌ಚೇಂಜುಗಳು ಹರಡಿದಂತೆ, ಪ್ರತಿಯೊಬ್ಬ ಚಂದಾದಾರನ ಹೆಸರಿನಲ್ಲಿ ಒಂದೊಂದು ಪುಟ್ಟ ಮೀಟರು ಎಕ್ಸ್‌ಚೇಂಜಿನಲ್ಲಿ ನೆಲೆಗೊಂಡಿತು. ಅದರ ರಚನೆ ಸರಳ. ಕರೆಯಿಸಿಕೊಂಡವರು ರಿಸೀವರನ್ನು ಎತ್ತಿದೊಡನೆ ಮೀಟರಿನ ವಿದ್ಯುತ್ಕಾಂತದ ಸುರುಳಿಯಲ್ಲಿ ಪ್ರವಾಹ ಹರಿಯುವುದು. ಕಬ್ಬಿಣದ ತುಂಡೊಂದು ಸೆಳೆಯಲ್ಪಟ್ಟು ಹಲ್ಲಿನ ಗಾಲಿಯನ್ನು ಒಂದು ಹಲ್ಲಿನಷ್ಟು ಮುಂದಕ್ಕೆ ತಳ್ಳುವುದು. ಅಂಕೆ ಒಂದು ಹೆಚ್ಚುವುದು.

ನಮ್ಮ ದೇಶದಲ್ಲಿ 1960ರಲ್ಲಿ ಲಖನೌ ಮತ್ತು ಕಾನ್ಪುರಗಳ ನಡುವೆ ಎಸ್.ಟಿ.ಡಿ. ಆರಂಭವಾಯಿತು. ಚಂದಾದಾರನು ಆಪರೇಟರರ ನೆರವಿಲ್ಲದೆ ದೂರದ ಊರಿಗೆ ತಾನೇ ಡಯಲ್ ಮಾಡತೊಡಗಿದ ಮೇಲೆ ಚೀಟಿ ಬರೆಯುವವರು ಯಾರು? ಒಂದೊಂದೇ ಅಂಕೆ ಏರಬಲ್ಲ ಮೀಟರು ದೂರವನ್ನೂ ಕಾಲವನ್ನೂ ಒಟ್ಟಿಗೆ ಅಳೆಯುವುದು ಹೇಗೆ? ಇದಕ್ಕೆ ಕಂಡುಕೊಂಡ ಉಪಾಯವು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಮೆಚ್ಚಿಗೆಯಾಗುವಂತಹುದು. ಮಾತು ನಡೆಯುತ್ತಿರುವಾಗ ಮೀಟರಿಗೆ ವಿದ್ಯುತ್ತಿನ ಮಿಡಿತಗಳನ್ನು ಕಳುಹಿಸುವುದು. ಊರು ದೂರವಾದಷ್ಟೂ ಮಿಡಿತಗಳನ್ನು ಹತ್ತಿರ ಹತ್ತಿರವಾಗಿಸುವುದು. ದೂರದ ಊರಿಗೆ 4 ಸೆಕೆಂಡಿಗೊಂದು, ಸಮೀಪದ ಊರಿಗೆ 24 ಸೆಕೆಂಡಿಗೊಂದು ಮಿಡಿತವೆಂದು ಕಲ್ಪಿಸಿಕೊಳ್ಳೋಣ. 2 ನಿಮಿಷಗಳ ಮಾತಿಗೆ ಮೊದಲನೆಯದರಲ್ಲಿ 30, ಎರಡನೆಯದರಲ್ಲಿ 5 ಅಂಕೆಗಳು ಏರುವುವು. ಹೀಗೆ ಬೆಲೆಯು ಆವರ್ತಾಂಕದ ರೂಪವನ್ನು ತಾಳಿತು. ರಾತ್ರಿ ದರ ಇಳಿಸಬೇಕಾದರೆ ಮಿಡಿತಗಳನ್ನು ವಿರಳಗೊಳಿಸಿದರಾಯಿತು.

ಆದರೆ ಈ ಏರ್ಪಾಟಿನಲ್ಲಿ ಒಂದು ದೊಡ್ಡ ಕೊರತೆಯಿತ್ತು. ಗಾಲಿಯು ಮೊತ್ತವನ್ನು ಮಾತ್ರ ಬಲ್ಲದು. ಎರಡು ತಿಂಗಳಲ್ಲಿ ಅಂಕೆ 2000ದಿಂದ 2600ಕ್ಕೆ ಏರಿದ್ದರೆ, ಆ 600 ಮಿಡಿತಗಳು ಯಾವ ದಿನ, ಯಾವ ಊರಿನ ಕರೆಯಿಂದ ಬಂದುವೆಂದು ಅದು ಹೇಳಲಾರದು. ವಿದ್ಯಾರ್ಥಿಗೆ ಒಟ್ಟು ಅಂಕಗಳನ್ನು ತಿಳಿಸಿ ಉತ್ತರಪತ್ರಿಕೆಯನ್ನು ಸುಟ್ಟುಹಾಕಿದರೆ ಹೇಗೋ ಹಾಗೆ. ಬಿಲ್ಲು ಹೆಚ್ಚಾಯಿತೆಂದು ಚಂದಾದಾರನು ದೂರಿದರೆ, ತಾನು ಆಡಿಲ್ಲವೆಂದು ತೋರಿಸಲು ಅವನಿಗೂ ಆಧಾರವಿಲ್ಲ. ಆಡಿದ್ದಾನೆಂದು ತೋರಿಸಲು ಇಲಾಖೆಗೂ ಆಧಾರವಿಲ್ಲ.

ನಡುವೆ ಒಂದು ಕಾಲದಲ್ಲಿ, ಎಸ್.ಟಿ.ಡಿ. ಬೂತುಗಳಲ್ಲಿ, ತಕ್ಕಡಿಯು ಕೊಳ್ಳುವವನ ಕಣ್ಣೆದುರಿಗೆ ಬಂದಿತ್ತು. ಮಾತನಾಡುತ್ತಿರುವಾಗಲೇ ಕೆಂಪು ಅಂಕೆಗಳು ಏರುವುದನ್ನು ನೋಡಬಹುದಾಗಿತ್ತು. ಇದಕ್ಕೆ ಬಳಸಿದ ವಿಧಾನಗಳಲ್ಲೊಂದು ಹೀಗಿದೆ: ದೂರವಾಣಿಯ ತಂತಿಯಲ್ಲಿ ಮಾತಿಗೆ ಮೀಸಲಾದುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಆವರ್ತಾಂಕಗಳು. ಲೆಕ್ಕದ ಮಿಡಿತವನ್ನು 16,000 ಹರ್ಟ್ಸ್‌ನಲ್ಲಿ ಕಳುಹಿಸಿ, ಅದು ರಿಸೀವರನ್ನು ಮುಟ್ಟದಂತೆ ಸೋಸಿದರೆ, ಅದೇ ತಂತಿಯಲ್ಲಿ ಮಾತೂ ಲೆಕ್ಕವೂ ಒಂದನ್ನೊಂದು ಕೆಡಿಸದೆ ಸಾಗುವುವು.

ಕಿತ್ತೂರಿನ ಎಕ್ಸ್‌ಚೇಂಜು

ಧಾರವಾಡದಿಂದ ಬೆಳಗಾವಿಯ ಕಡೆಗೆ ಸುಮಾರು 30 ಕಿಲೋಮೀಟರು ಹೋದರೆ ಕಿತ್ತೂರು ಸಿಗುತ್ತದೆ. ರಾಣಿ ಚೆನ್ನಮ್ಮನ ಈ ಊರಿಗೆ ದೂರವಾಣಿಯ ಚರಿತ್ರೆಯಲ್ಲಿಯೂ ಸ್ಥಾನವುಂಟೆಂಬುದನ್ನು ಬಹಳ ಮಂದಿ ಅರಿಯರು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಗ್ರಾಮಗಳಿಗಾಗಿ ರಚಿಸಿದ ಮೊದಲ ಡಿಜಿಟಲ್ ಎಕ್ಸ್‌ಚೇಂಜು 1986ರಲ್ಲಿ ಕಾರ್ಯಾರಂಭ ಮಾಡಿದುದು ಇಲ್ಲಿಯೇ. 128 ಜೋಡಣೆಗಳ ಆ ಯಂತ್ರವು ಹವಾನಿಯಂತ್ರಣದ ಕೊಠಡಿಯಿಲ್ಲದೆ, ನಮ್ಮ ಸೆಕೆಯಲ್ಲಿಯೂ ಧೂಳಿನಲ್ಲಿಯೂ ಕೆಲಸಮಾಡುವಂತೆ ರೂಪಿತವಾಗಿತ್ತು.

ಡಿಜಿಟಲ್ ಎಕ್ಸ್‌ಚೇಂಜಿನಲ್ಲಿ ಮಾತನ್ನು ಸೆಕೆಂಡಿಗೆ 8000 ಸಲ ಅಳೆದು ಸಂಖ್ಯೆಗಳನ್ನಾಗಿ ಮಾರ್ಪಡಿಸುತ್ತಾರೆ. ಜೋಡಿಸುವ, ಬಿಡಿಸುವ ಕೆಲಸವನ್ನು ಗಣಕವು ನಡೆಸುತ್ತದೆ. ಕರೆಯ ಪ್ರತಿ ಹೆಜ್ಜೆಯನ್ನೂ ಗಣಕವೇ ನಡೆಸುವುದರಿಂದ, ಅದನ್ನು ಬರೆದಿಡುವುದೂ ಅದಕ್ಕೆ ಕಷ್ಟವಲ್ಲ. ಕರೆದವರು ಯಾರು, ಯಾರನ್ನು, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು, ಯಾವ ಮಾರ್ಗವಾಗಿ ಎಂಬ ವಿವರಗಳುಳ್ಳ ದಾಖಲೆಯನ್ನು ಈ ವೃತ್ತಿಯವರು ಸಿ.ಡಿ.ಆರ್. ಎನ್ನುತ್ತಾರೆ. ಹಿಂದಿನ ಆಪರೇಟರರ ಚೀಟಿಯೇ ಹೊಸ ವೇಷದಲ್ಲಿ ಮರಳಿ ಬಂದಿತೆನ್ನಬಹುದು.

ದಾಖಲೆಯಿಂದ ಬಿಲ್ಲಿಗೆ

ದಾಖಲೆಯು ಬಿಲ್ಲಾಗುವುದು ನಾಲ್ಕು ಹಂತಗಳಲ್ಲಿ. ಬೇರೆ ಬೇರೆ ಯಂತ್ರಗಳ ದಾಖಲೆಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುವುದು ಮೊದಲನೆಯದು. ಪ್ರತಿಯೊಂದಕ್ಕೂ ದರ ಕಟ್ಟುವುದು ಎರಡನೆಯದು. ಗ್ರಾಹಕನ ಖಾತೆಗೆ ಸೇರಿಸಿ ಬಿಲ್ಲು ಮಾಡುವುದು ಮೂರನೆಯದು. ಬಂದ ದಾಖಲೆಗಳೆಲ್ಲವೂ ಲೆಕ್ಕಕ್ಕೆ ಸೇರಿದುವೇ, ಯಾವುದಾದರೂ ಎರಡು ಸಲ ಸೇರಿತೇ ಎಂದು ತಾಳೆ ನೋಡುವುದು ನಾಲ್ಕನೆಯದು. ಮೊದಲೇ ಹಣ ತುಂಬುವ ಪ್ರೀಪೇಯ್ಡ್ ಪದ್ಧತಿಯಲ್ಲಿ ಇನ್ನೂ ಅವಸರ. ಕರೆಗೆ ಮೊದಲು ಯಂತ್ರವು ಖಾತೆಯಿಂದ ಸ್ವಲ್ಪ ಹಣವನ್ನು ಕಾದಿರಿಸಿ, ಅದು ಮುಗಿಯುತ್ತ ಬಂದಂತೆ ಮತ್ತಷ್ಟನ್ನು ಕಾದಿರಿಸುತ್ತ, ಮಾತು ಮುಗಿದಾಗ ಉಳಿದುದನ್ನು ಖಾತೆಗೆ ಮರಳಿಸುತ್ತದೆ.

ದರ ಕಟ್ಟುವಾಗ ಅಳತೆಯ ಸೂಕ್ಷ್ಮತೆಯೂ ಮುಖ್ಯ. ವರ್ನಿಯರ್ ಕ್ಯಾಲಿಪರಿನ ಕನಿಷ್ಠ ಅಳತೆಯನ್ನು ನಾವೆಲ್ಲ ಪ್ರಯೋಗಶಾಲೆಯಲ್ಲಿ ಕಲಿತಿದ್ದೇವೆ. ಬಿಲ್ಲಿಗೂ ಕನಿಷ್ಠ ಅಳತೆಯುಂಟು. ಅದು 60 ಸೆಕೆಂಡು ಆಗಿದ್ದರೆ 65 ಸೆಕೆಂಡಿನ ಕರೆಯನ್ನು 120 ಎಂದೆಣಿಸುವರು. ಅಂತಹ 10 ಕರೆಗಳಿಗೆ, ನಿಮಿಷಕ್ಕೆ 60 ಪೈಸೆಯಂತೆ, 12 ರೂಪಾಯಿ ತಗಲುವುದು. ಸೆಕೆಂಡಿಗೆ 1 ಪೈಸೆಯಂತೆ ಎಣಿಸಿದರೆ ಅದೇ ಮಾತಿಗೆ 6 ರೂಪಾಯಿ 50 ಪೈಸೆ. ಎರಡರಲ್ಲಿಯೂ ದರ ಒಂದೇ. ಕನಿಷ್ಠ ಅಳತೆ ಮಾತ್ರ ಬೇರೆ! 2009ರಲ್ಲಿ ಟಾಟಾ ಡೊಕೊಮೊ ಸಂಸ್ಥೆಯು ಸೆಕೆಂಡಿಗೆ 1 ಪೈಸೆಯ ದರವನ್ನು ತಂದಾಗ ಇತರರೂ ಅನುಸರಿಸಬೇಕಾಯಿತು. ಜಾಹೀರಾತಿನಲ್ಲಿ ಒಂದೇ ಸಾಲಾಗಿ ಕಂಡ ಈ ಬದಲಾವಣೆಗಾಗಿ ಒಳಗೆ ಲೆಕ್ಕದ ಯಂತ್ರವನ್ನೇ ಸಿದ್ಧಗೊಳಿಸಬೇಕಾಗಿತ್ತು.

ಲೆಕ್ಕವನ್ನೇ ಮಾರುವವರು

ಇಂತಹ ತಂತ್ರಾಂಶಕ್ಕೆ ಬೆಲೆ ಬಂದುದು ಇದರಿಂದಲೇ. ಈ ಪೇಟೆಯಲ್ಲಿ ಸರಕು ಎರಡು ಬಗೆ. ತಂತಿ, ಗೋಪುರ, ಸಂಖ್ಯೆ, ದುರಸ್ತಿ ಇವುಗಳ ಲೆಕ್ಕವಿಡುವುದು ಓ.ಎಸ್.ಎಸ್.; ಗ್ರಾಹಕ, ದರ, ಬಿಲ್ಲು ಇವುಗಳನ್ನು ನೋಡಿಕೊಳ್ಳುವುದು ಬಿ.ಎಸ್.ಎಸ್. ಇವೆರಡೂ ಒಂದಕ್ಕೊಂದು ಹೊಂದಬೇಕು. ಧಾರವಾಡದ ಮನೆಯೊಂದರ ಸಂಪರ್ಕವನ್ನು ಕಡಿದರೂ ಬಿಲ್ಲಿನ ಪುಸ್ತಕಕ್ಕೆ ಸುದ್ದಿ ಮುಟ್ಟದಿದ್ದರೆ ಗ್ರಾಹಕನಿಗೆ ಅನ್ಯಾಯ. ಹುಬ್ಬಳ್ಳಿಯಲ್ಲಿ ಹೊಸ ಸಂಪರ್ಕ ಕೊಟ್ಟರೂ ಪುಸ್ತಕದಲ್ಲಿ ಬರೆಯದಿದ್ದರೆ ಸಂಸ್ಥೆಗೆ ನಷ್ಟ.

ಸಂಸ್ಥೆಗಳು ಇವನ್ನು ತಾವೇ ರಚಿಸಿಕೊಳ್ಳದೆ ಕೊಳ್ಳುವುದೇಕೆ? ನಿಯಮಗಳು ಪದೇ ಪದೇ ಬದಲಾಗುವುದೊಂದು ಕಾರಣ. 2011ರ ಜನವರಿಯಿಂದ ಸಂಖ್ಯೆಯನ್ನು ಉಳಿಸಿಕೊಂಡೇ ಸಂಸ್ಥೆಯನ್ನು ಬದಲಿಸುವ ಸೌಲಭ್ಯ ದೇಶಕ್ಕೆಲ್ಲ ದೊರೆಯಿತು. ಒಂದು ಸಂಸ್ಥೆಯ ಗ್ರಾಹಕನು ಇನ್ನೊಂದರ ಗ್ರಾಹಕನನ್ನು ಕರೆದಾಗ ಮೊದಲನೆಯದು ಎರಡನೆಯದಕ್ಕೆ ಕೊಡಬೇಕಾಗಿದ್ದ ಶುಲ್ಕವು 2017ರ ಅಕ್ಟೋಬರಿನಲ್ಲಿ ನಿಮಿಷಕ್ಕೆ 6 ಪೈಸೆಗೆ ಇಳಿದು, 2021ರ ಜನವರಿ 1ರಿಂದ ಇಲ್ಲವಾಯಿತು. ಪ್ರತಿ ಸಲವೂ ಲೆಕ್ಕದ ಸೂತ್ರವನ್ನು ತಿದ್ದಬೇಕು. ಅಮ್ಡಾಕ್ಸ್‌ನಂತಹ ಸಂಸ್ಥೆಗಳು ಈ ಕೆಲಸವನ್ನು ಅನೇಕ ದೇಶಗಳಲ್ಲಿ ಮಾಡುತ್ತವೆ. 1992ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸುಬೆಕ್ಸ್ ಸಂಸ್ಥೆಯು ಮೋಸವನ್ನೂ ಆದಾಯದ ಸೋರಿಕೆಯನ್ನೂ ಪತ್ತೆಹಚ್ಚುವ ತಂತ್ರಾಂಶದಲ್ಲಿ ಹೆಸರು ಪಡೆದಿದೆ. ಸೋರಿಕೆಯೆಂಬುದು ಅಲ್ಪವಲ್ಲ. ದಿನಕ್ಕೆ 10 ಕೋಟಿ ಕರೆಗಳಲ್ಲಿ ಸಾವಿರಕ್ಕೊಂದು ದಾಖಲೆ ಕಳೆದುಹೋಯಿತೆನ್ನೋಣ; ಕರೆಗೆ 50 ಪೈಸೆಯಂತೆ ವರ್ಷಕ್ಕೆ 1,82,50,000 ರೂಪಾಯಿ ನಷ್ಟ!

ಒಮ್ಮೆ ಕೊಂಡ ಲೆಕ್ಕದ ವ್ಯವಸ್ಥೆಯನ್ನು ಬದಲಿಸುವುದೂ ಸುಲಭವಲ್ಲ. ಲಕ್ಷಾಂತರ ಗ್ರಾಹಕರ ಬಾಕಿ, ಠೇವಣಿ, ದರಗಳನ್ನು ಒಂದು ಪೈಸೆಯೂ ಹೆಚ್ಚುಕಡಿಮೆಯಾಗದಂತೆ ಹೊಸದಕ್ಕೆ ಸಾಗಿಸಬೇಕು. ಅದೂ ಸೇವೆ ನಿಲ್ಲದಂತೆ.

ಸೋರುವ ಹಣವನ್ನು ಹುಡುಕಲು ಸಂಸ್ಥೆಗೆ ಲಾಭದ ಪ್ರೇರಣೆಯಿದೆ. ಹೆಚ್ಚಾಗಿ ವಸೂಲಾದುದನ್ನು ಹುಡುಕುವವರು ಯಾರು? 2006ರಲ್ಲಿ ಟ್ರಾಯ್ ಪ್ರಾಧಿಕಾರವು ಅಳತೆ ಮತ್ತು ಬಿಲ್ಲಿನ ನಿಖರತೆಯ ಬಗ್ಗೆ ನಿಯಮಗಳನ್ನು ಮಾಡಿ, ಹೊರಗಿನ ಪರಿಶೋಧಕರ ತಪಾಸಣೆಯನ್ನು ವಿಧಿಸಿದುದು ಈ ಕಾರಣಕ್ಕಾಗಿಯೇ. ಅಳೆಯುವವನ ತಕ್ಕಡಿಯನ್ನು ಇನ್ನೊಬ್ಬನು ತೂಗಿ ನೋಡಬೇಕು.

ಈ ತಪಾಸಣೆಯಲ್ಲಿ ವಿದ್ಯಾರ್ಥಿಗಳಿಗೂ ಪಾಲುಂಟು. ಇಂದು ಅನೇಕ ಯೋಜನೆಗಳಲ್ಲಿ ಮಾತಿಗೆ ಮಿತಿಯಿಲ್ಲ. ಅಳತೆಯು ಡೇಟಾಕ್ಕೆ ಸರಿದಿದೆ. ಒಂದು ವಾರ, ದಿನವೂ ಒಂದೇ ಹೊತ್ತಿಗೆ, ನಿಮ್ಮ ಫೋನು ತೋರಿಸುವ ಡೇಟಾ ಬಳಕೆಯನ್ನೂ ಸಂಸ್ಥೆಯು ತೋರಿಸುವ ಬಳಕೆಯನ್ನೂ ಬರೆದಿಡಿ. ವ್ಯತ್ಯಾಸ ಕಂಡರೆ ಮೊದಲು ಏಕಮಾನವನ್ನು ವಿಚಾರಿಸಿ: ಒಂದು ಗಿಗಾಬೈಟನ್ನು 100 ಕೋಟಿ ಬೈಟುಗಳೆಂದು ಎಣಿಸುವುದುಂಟು, 107,37,41,824 ಬೈಟುಗಳೆಂದು ಎಣಿಸುವುದೂ ಉಂಟು. ಈ ಒಂದರಿಂದಲೇ ಶೇಕಡಾ 7ಕ್ಕಿಂತ ಹೆಚ್ಚು ಅಂತರ ಬರುವುದು. ಏಕಮಾನವನ್ನು ಸರಿಪಡಿಸಿದ ಮೇಲೂ ಉಳಿಯುವ ಅಂತರಕ್ಕೆ ಕಾರಣವನ್ನು ಕೇಳುವುದು ಗ್ರಾಹಕನ ಹಕ್ಕು. ಕೈಯಲ್ಲಿ ತನ್ನದೇ ಟಿಪ್ಪಣಿಯಿದ್ದವನ ಪ್ರಶ್ನೆಗೆ ತೂಕ ಹೆಚ್ಚು.