ಗಾಜಿನ ಮೇಲೆ ನೀರಿನ ಕಲೆ

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮಾರ್ಗವಾಗಿ ಚಾರ್ಮಾಡಿ ಘಾಟಿಯನ್ನು ರಾತ್ರಿ ವೇಳೆ ಇಳಿಯುವವರಿಗೆ ಮೋಟಾರಿನ ಮುಂಬದಿಯ ಗಾಜು ಎಷ್ಟು ಮುಖ್ಯವೆಂಬುದನ್ನು ಹೇಳಬೇಕಾಗಿಲ್ಲ. ಹಗಲಿನಲ್ಲಿ ಕಣ್ಣಿಗೆ ಬೀಳದಿದ್ದ ಬಿಳಿಯ ಚುಕ್ಕೆಗಳು ಎದುರಿನ ಬಸ್ಸಿನ ದೀಪ ಬಿದ್ದೊಡನೆ ಒಂದೊಂದೂ ಪುಟ್ಟ ದೀಪದಂತೆ ಹೊಳೆದು ಮುಂದಿನ ತಿರುವನ್ನೇ ಮರೆಮಾಡುವುವು. ನಯವಾದ ಗಾಜಿನ ಮೂಲಕ ಬೆಳಕು ನೇರವಾಗಿ ಹಾದುಹೋಗುವುದು. ಒರಟಾದ ಚುಕ್ಕೆಯ ಮೇಲೆ ಬಿದ್ದ ಬೆಳಕಾದರೋ ಹಲವು ದಿಕ್ಕುಗಳಿಗೆ ಚದರುವುದು. ಮಂಜು ಕವಿದ ರಾತ್ರಿಯಲ್ಲಿ ಇದರಿಂದ ಒದಗುವ ಅಪಾಯ ಸಣ್ಣದಲ್ಲ. ಸಾಬೂನಿಗೂ ಜಗ್ಗದ ಈ ಕಲೆ ಎಂಥದು, ಅದನ್ನು ತೆಗೆಯುವುದು ಹೇಗೆ ಎಂಬುದನ್ನು ವಿಚಾರಿಸೋಣ.

ಮೊದಲು ಒಂದು ಸಣ್ಣ ಪ್ರಯೋಗ. ಶುಚಿಯಾದ ಗಾಜಿನ ತುಂಡೊಂದರ ಮೇಲೆ ಮೂರು ಹನಿಗಳನ್ನು ಬೇರೆ ಬೇರೆಯಾಗಿ ಇಡಿರಿ: ಬಯಲಿನಲ್ಲಿ ಪಾತ್ರೆಯಿಟ್ಟು ಹಿಡಿದ ಮಳೆಯ ನೀರು ಒಂದು, ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರು ಮತ್ತೊಂದು, ಸುಣ್ಣದ ತಿಳಿ ಮೂರನೆಯದು. ಬಿಸಿಲಿನಲ್ಲಿ ಒಣಗಿಸಿ ನೋಡಿದರೆ ಮಳೆನೀರಿನ ಗುರುತು ಬಹುಮಟ್ಟಿಗೆ ಉಳಿದಿರುವುದಿಲ್ಲ. ಉಳಿದೆರಡು ಬಿಳಿಯ ಉಂಗುರಗಳಾಗಿರುವುವು. ಮಳೆಯ ನೀರು ಪ್ರಕೃತಿಯೇ ಬಟ್ಟಿಯಿಳಿಸಿದ ನೀರು. ಆದ್ದರಿಂದ ಮಲೆನಾಡಿನ ಮಳೆಯನ್ನು ಕಲೆಗಾಗಿ ದೂರುವುದು ನ್ಯಾಯವಲ್ಲ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ಹನಿ ಆರುತ್ತಿರುವಾಗ ಕಾರ್ಬನ್ ಡೈ ಆಕ್ಸೈಡ್ ಅನಿಲವು ಹೊರಟುಹೋಗಿ, ನೀರಿನಲ್ಲಿ ಬಹು ಕಷ್ಟದಿಂದ ಕರಗುವ ಕ್ಯಾಲ್ಸಿಯಂ ಕಾರ್ಬೊನೇಟ್ ಗಾಜಿಗೆ ಕಚ್ಚಿಕೊಳ್ಳುವುದು. ಕಾರನ್ನು ತೊಳೆದು ಬಿಸಿಲಿನಲ್ಲಿ ತಾನಾಗಿ ಆರಲು ಬಿಡುವವರು ಇಂಥ ಪದರಗಳನ್ನು ಒಂದರ ಮೇಲೊಂದರಂತೆ ಬೆಳೆಸುತ್ತಾರೆ.

ಕಲೆ ಉಂಗುರದ ಆಕಾರವನ್ನೇ ತಾಳುವುದೇಕೆ? ಮೇಜಿನ ಮೇಲೆ ಚೆಲ್ಲಿದ ಕಾಫಿಯ ಹನಿಯೂ ಅಂಚಿನಲ್ಲಿ ಕಪ್ಪಾಗಿ ನಡುವೆ ತೆಳುವಾಗಿ ಒಣಗುವುದನ್ನು ಕಾಫಿಯ ನಾಡಿನವರೆಲ್ಲರೂ ಕಂಡಿರುತ್ತೀರಿ. ಇದರ ಕಾರಣವನ್ನು ಚಿಕಾಗೋ ವಿಶ್ವವಿದ್ಯಾನಿಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು 1997ರಲ್ಲಿ ಸ್ಪಷ್ಟಪಡಿಸಿದರು. ಹನಿಯ ಅಂಚು ಒಂದೆಡೆ ಅಂಟಿಕೊಂಡು ನಿಂತಿರುವುದು. ಅಲ್ಲಿ ನೀರು ಬೇಗ ಆವಿಯಾಗುವುದು. ಆ ಕೊರತೆಯನ್ನು ತುಂಬಲು ನಡುವಿನ ನೀರು ಅಂಚಿನ ಕಡೆಗೆ ಹರಿಯುತ್ತ, ತನ್ನೊಡನೆ ಕಣಗಳನ್ನೂ ಒಯ್ದು ಅಲ್ಲಿ ಗುಡ್ಡೆ ಹಾಕುವುದು.

ತೋಟದ ಜೀಪುಗಳ ಗಾಜಿನ ಮೇಲೆ ಇನ್ನೊಂದು ಬಗೆಯ ಕಲೆಯೂ ಉಂಟು. ಅದು ತೆಳುನೀಲಿ ಛಾಯೆಯದು. ಕಾಫಿಯ ಎಲೆತುಕ್ಕಿಗೂ ಅಡಿಕೆಯ ಕೊಳೆರೋಗಕ್ಕೂ ಸಿಂಪಡಿಸುವ ಬೋರ್ಡೋ ದ್ರಾವಣವೇ ಇದರ ಮೂಲ. ಫ್ರಾನ್ಸಿನ ಮೆಡೋಕ್ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದಿಯದಿರಲೆಂದು ರಸ್ತೆಯ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಬೂಷ್ಟು ರೋಗ ತಗುಲದಿದ್ದುದನ್ನು 1882ರಲ್ಲಿ ಗಮನಿಸಿದವನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ. ಕಣ್ಣಿಗೆ ಹೊಡೆಯುವಂತೆ ಕಲೆ ಮಾಡುವುದೇ ಈ ದ್ರಾವಣದ ಮೊದಲ ಉದ್ಯೋಗವಾಗಿತ್ತೆಂಬುದು ಸ್ವಾರಸ್ಯದ ಸಂಗತಿ! ಮೈಸೂರು ಸಂಸ್ಥಾನದಲ್ಲಿ ಕೊಳೆರೋಗದ ವಿರುದ್ಧ ಇದರ ಬಳಕೆಯನ್ನು 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಲೆಸ್ಲಿ ಕೋಲ್ಮನ್ ರೂಢಿಗೆ ತಂದರು. ಎಲೆಗೆ ಅಂಟಿಕೊಂಡು ಮಳೆಗೂ ತೊಳೆದುಹೋಗದಿರುವುದು ಅದರ ದೊಡ್ಡ ಗುಣ. ಗಾಳಿಗೆ ಹಾರಿ ಬಂದು ಗಾಜಿನ ಮೇಲೆ ಕುಳಿತಾಗಲೂ ಅದು ಈ ಗುಣವನ್ನು ಬಿಡುವುದಿಲ್ಲ.

ಸುಣ್ಣದ ಕಲೆಗೆ ಹುಳಿಯೇ ಮದ್ದು. ವಿನಿಗರಿಗೆ ಸಮಪಾಲು ನೀರು ಬೆರೆಸಿ, ಬಟ್ಟೆಯನ್ನು ಅದರಲ್ಲಿ ತೋಯಿಸಿ, ನೆರಳಿನಲ್ಲಿ ತಣ್ಣಗಿರುವ ಗಾಜಿನ ಮೇಲೆ ಐದು ಹತ್ತು ನಿಮಿಷ ಹರವಬೇಕು. ನಿಂಬೆಯ ರಸವೂ ಆದೀತು. ಕಾರ್ಬೊನೇಟ್ ಆಮ್ಲದೊಡನೆ ಕೂಡಿ ಕರಗುವ ಲವಣವಾಗಿ, ಅನಿಲವು ಸಣ್ಣ ಗುಳ್ಳೆಗಳಾಗಿ ಏಳುವುದು. ಬೋರ್ಡೋ ಕಲೆಯಾದರೆ ತಾಮ್ರವೂ ಕರಗಿ ಬಟ್ಟೆ ನೀಲಿಯಾಗುವುದು. ಅಷ್ಟಾದರೂ ಒಂದು ಮಬ್ಬು ಉಳಿಯಬಹುದು. ಅದು ಮೈಲುತುತ್ತ ಮತ್ತು ಸುಣ್ಣ ಸೇರಿದಾಗ ಹುಟ್ಟಿದ ಜಿಪ್ಸಂ. ವಿನಿಗರ್ ಅದರ ಮೇಲೆ ಹೆಚ್ಚಿನ ಪರಿಣಾಮವನ್ನು ಮಾಡದು. ಒಂದು ಲೀಟರು ನೀರಿನಲ್ಲಿ ಸುಮಾರು 2 ಗ್ರಾಂ ಜಿಪ್ಸಂ ಮಾತ್ರ ಕರಗುವುದರಿಂದ, ಒದ್ದೆ ಬಟ್ಟೆಯನ್ನು ಬದಲಿಸುತ್ತ ಬಹಳ ಹೊತ್ತು ನೆನೆಸುವುದೇ ಉಪಾಯ. ಕೊನೆಗೆ ಧಾರಾಳವಾಗಿ ಮಳೆನೀರು ಸುರಿದು ಒಣಬಟ್ಟೆಯಿಂದ ಒರಸಬೇಕು. ತಾಮ್ರ ಕರಗಿದ ನೀರು ಬಣ್ಣ ಹೋದ ಕಬ್ಬಿಣದ ಮೇಲೆ ನಿಲ್ಲಬಾರದು; ಮೈಲುತುತ್ತದ ನೀರಿನಲ್ಲಿ ಕಬ್ಬಿಣದ ಮೊಳೆಯನ್ನು ಅದ್ದಿ ನೋಡಿದವರಿಗೆ ಕಾರಣ ಹೊಳೆಯುವುದು. ಹುಳಿಯೊಡನೆ ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಬೆರೆಸಕೂಡದು. ಅದರಿಂದ ವಿಷಕರವಾದ ಕ್ಲೋರಿನ್ ಅನಿಲ ಹೊರಡುವುದು.

ಹುಳಿಗೂ ಬಗ್ಗದ ಕಲೆಯ ಸ್ವರೂಪವೇ ಬೇರೆ. ಅಲ್ಲಿ ಗಾಜಿನ ಮೇಲೆ ಏನೂ ಕುಳಿತಿರಲಾರದು, ಗಾಜೇ ಸವೆದಿರಬಹುದು. ಸಾಮಾನ್ಯ ಗಾಜಿನಲ್ಲಿ ನೂರಕ್ಕೆ ಸುಮಾರು 70 ಪಾಲು ಸಿಲಿಕ, ಉಳಿದುದು ಮುಖ್ಯವಾಗಿ ಸೋಡ ಮತ್ತು ಸುಣ್ಣ. ಹನಿ ಬಹುಕಾಲ ನಿಂತರೆ ಗಾಜಿನೊಳಗಿನ ಸೋಡಿಯಂ ಹೊರಬಂದು ನೀರು ಕ್ಷಾರವಾಗುವುದು. ಪ್ರಬಲವಾದ ಕ್ಷಾರ ಸಿಲಿಕವನ್ನೇ ಮೆಲ್ಲಗೆ ಕರಗಿಸುವುದು. ಸುಣ್ಣದ ನೀರು ಮೊದಲೇ ಕ್ಷಾರವಾದ್ದರಿಂದ ಈ ಕೆಲಸಕ್ಕೆ ಇನ್ನೂ ಮುಂದು. ಇಂಥ ಕುಳಿಗಳಿಗೆ ಯಾವ ಆಮ್ಲದಿಂದಲೂ ಪ್ರಯೋಜನವಿಲ್ಲ. ಗಾಜನ್ನು ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲವು ಚರ್ಮದೊಳಗಿಳಿದು ಮೂಳೆಯನ್ನೂ ಕೆಡಿಸುವಂಥ ಘೋರ ವಸ್ತು. ಅದನ್ನು ಹತ್ತಿರ ಸೇರಿಸಲೇಬಾರದು.

ಸವೆತ ಅಲ್ಪವಾಗಿದ್ದರೆ ಮಸೂರಗಳನ್ನು ನುಣುಪುಗೊಳಿಸಲು ಬಳಸುವ ಸೀರಿಯಂ ಆಕ್ಸೈಡ್ ಪುಡಿಯನ್ನು ನೀರಿನಲ್ಲಿ ಕಲಸಿ, ಮೆತ್ತನೆಯ ಉಣ್ಣೆಯ ಬಿಲ್ಲೆಯಿಂದ ಉಜ್ಜಬಹುದು. ಗಾಜು ಬಿಸಿಯಾಗದಂತೆ ಆಗಾಗ ನೀರು ಚಿಮುಕಿಸಬೇಕು. ಒಂದೇ ಕಡೆ ಹೆಚ್ಚು ಉಜ್ಜಿದರೆ ತಗ್ಗು ಬಿದ್ದು, ಅದರ ಮೂಲಕ ಕಾಣುವ ರಸ್ತೆಯೇ ಡೊಂಕಾಗುವುದು. ಚಾಲಕನ ಕಣ್ಣಿನ ನೇರದಲ್ಲಿ ಅದು ಕಲೆಗಿಂತ ಕೆಟ್ಟದ್ದು. ಅಲ್ಲಿ ಆಳವಾದ ಸವೆತವಿದ್ದರೆ ಗಾಜನ್ನು ಬದಲಾಯಿಸುವುದೇ ಲೇಸು. ಸಿಂಪಡಣೆಯ ದಿನ ಜೀಪನ್ನು ಗಾಳಿ ಬೀಸುವ ದಿಕ್ಕಿನಿಂದ ದೂರ ನಿಲ್ಲಿಸಿ ಗೋಣಿತಾಟು ಹೊದಿಸುವುದಾದರೆ ಈ ಖರ್ಚು ಬರುವುದಿಲ್ಲ. ತಪ್ಪಿ ಬಿದ್ದ ಹನಿಯನ್ನು ಹಸಿಯಾಗಿರುವಾಗಲೇ ತೊಳೆಯಲು ಒಂದು ತಂಬಿಗೆ ನೀರು ಸಾಕು.