ದಸರಾ ರಜೆ, ಕೊಡಗು ಮತ್ತು ಇಬ್ಬರು ಮಕ್ಕಳು

ಪ್ರಶ್ನೆ: ಮೈಸೂರಿನ ದಂಪತಿ ದಸರಾ ರಜೆಯಲ್ಲಿ ಮೂರು ದಿನ ಕೊಡಗಿಗೆ ಹೊರಟಿದ್ದಾರೆ. ಏಳು ವರ್ಷದ ಮಗಳಿಗೆ ತಿರುವಿನ ದಾರಿಯಲ್ಲಿ ವಾಂತಿಯಾಗುತ್ತದೆ. ನಾಲ್ಕರ ಮಗನಿಗೆ ಆಗಾಗ ಉಬ್ಬಸ.

ವೈದ್ಯರ ಉತ್ತರ: ಹುಣಸೂರು, ಪಿರಿಯಾಪಟ್ಟಣಗಳ ಮೂಲಕ ಕುಶಾಲನಗರದವರೆಗಿನ ಸುಮಾರು 90 ಕಿ.ಮೀ. ದಾರಿಯಲ್ಲಿ ತಿರುವುಗಳು ಕಡಿಮೆಯಿದ್ದು, ಅಲ್ಲಿಂದ ಮಡಿಕೇರಿಗೆ ಏರುವ 30 ಕಿ.ಮೀ.ಗಳಲ್ಲೇ ಅವು ಹೆಚ್ಚಾಗಿರುವುದರಿಂದ, ತಾವು ಕುಶಾಲನಗರದಲ್ಲಿ ತಂಗುವುದು ಲೇಸು. ಬೈಲಕುಪ್ಪೆಯ ಬೌದ್ಧ ವಿಹಾರ, ಕಾವೇರಿ ನಿಸರ್ಗಧಾಮ, ದುಬಾರೆಯ ಆನೆ ಶಿಬಿರ ಮೂರೂ ಅಲ್ಲಿಗೆ ಹತ್ತಿರ. ಆದರೆ ದುಬಾರೆಯ ಕೆಲವು ಆನೆಗಳು ಆ ವೇಳೆಗೆ ದಸರಾ ಮೆರವಣಿಗೆಗಾಗಿ ಮೈಸೂರಿನ ಅರಮನೆಯಲ್ಲೇ ಇರುತ್ತವೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಡಬೇಕು. ತಲಕಾವೇರಿಯನ್ನು ಈ ಸಲ ಬಿಡುವುದೇ ಸರಿ: ದಾರಿ ದೂರ, ತಿರುವು ಹೆಚ್ಚು, ಅಕ್ಟೋಬರ್ 17ರ ಆಸುಪಾಸಿನ ತೀರ್ಥೋದ್ಭವಕ್ಕೆ ಜನಸಂದಣಿ ಬೇರೆ.

ಮಗಳದು ಚಲನರೋಗ, ಅಂದರೆ ಕಣ್ಣು ಕಂಡದ್ದಕ್ಕೂ ಒಳಗಿವಿ ಗ್ರಹಿಸಿದ ಚಲನೆಗೂ ಹೊಂದಾಣಿಕೆ ತಪ್ಪಿದಾಗ ಉಂಟಾಗುವ ವಾಕರಿಕೆ. ಹೊರಡುವ ಮುನ್ನ ಎರಡು ಇಡ್ಲಿಯಷ್ಟು ಹಗುರ ಆಹಾರ ಕೊಟ್ಟು, ಮೊಬೈಲು, ಪುಸ್ತಕಗಳನ್ನು ದೂರವಿಟ್ಟು, ದೂರದ ದೃಶ್ಯ ನೋಡಿಸಬೇಕು. ವಾಂತಿ ತಡೆಯುವ ಮಾತ್ರೆ ಬೇಕಾದರೆ ಅದರ ಪ್ರಮಾಣವನ್ನು ಮಗುವಿನ ವಯಸ್ಸು, ತೂಕ ನೋಡಿ ಮಕ್ಕಳ ತಜ್ಞರೇ ನಿರ್ಧರಿಸಬೇಕು. ದೊಡ್ಡವರ ಮಾತ್ರೆಯನ್ನು ಮುರಿದು ಕೊಡುವ ರೂಢಿ ಅಪಾಯಕಾರಿ.

ಮಗನನ್ನು ಹೊರಡುವ ಒಂದು ವಾರ ಮೊದಲು ಅದೇ ತಜ್ಞರಿಗೆ ತೋರಿಸಿ, ಇನ್‌ಹೇಲರ್ ಹಾಗೂ ಅದಕ್ಕೆ ಜೋಡಿಸುವ ಸ್ಪೇಸರ್ ಕೊಳವೆಯನ್ನು ಕೈಚೀಲದಲ್ಲಿಟ್ಟುಕೊಂಡು, ತೇವದ ಗೋಡೆಯ ಕೋಣೆ ಮತ್ತು ಸೌದೆ ಬೆಂಕಿಯ ಹೊಗೆಯನ್ನು ತಪ್ಪಿಸಬೇಕು. ಉಸಿರೆಳೆದಾಗ ಪಕ್ಕೆಗಳು ಒಳಗೆ ಸೆಳೆದರೆ ಅಥವಾ ಮಗು ಮಾತನಾಡಲಾಗದೆ ಏದುತ್ತಿದ್ದರೆ, ಮೈಸೂರಿಗೆ ಮರಳಲು ಕಾಯದೆ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು.